ನಂದೇಗುಡ್ಡ

ಕಾರೆಹಟ್ಟಿಯ ಬೆನ್ನಿಗೆ ನಿಂತಿರುವ ಬೋಳುಗುಡ್ಡಕ್ಕೆ ನಂದೇಗುಡ್ಡ ಎಂದು ಹೆಸರು. ಹೆಸರು ಕೇಳಿ ಬಂದವರು ಮೊದಲು ಬಸವಣ್ಣನ ವಿಗ್ರಹವನ್ನು ಹುಡುಕುತ್ತಾರೆ. ಅಲ್ಲಿ ಬಸವಣ್ಣನೂ ಇಲ್ಲ, ಗುಡಿಯೂ ಇಲ್ಲ. ನೆತ್ತಿಯಲ್ಲೊಂದು ಹಾಸುಬಂಡೆ, ಪಡುವಣದ ಕಣಿವೆಯಲ್ಲೊಂದು ಕೆರೆ, ಅಷ್ಟೇ. ಮಾಗಿಯ ಬೆಳಗಿನಲ್ಲಿ ಕೆರೆಯಿಂದೆದ್ದ ಮಂಜು ಕಣಿವೆಯನ್ನು ಅಂಚಿನವರೆಗೂ ತುಂಬಿ ನಿಲ್ಲುತ್ತದೆ.

ಹಿಂದೆ ಒಮ್ಮೆ ಈ ಕುರಿಗಾಹಿ ಹಟ್ಟಿಯ ಯಜಮಾನ ತೀರಿಕೊಂಡಾಗ, ಅವನ ಮಕ್ಕಳಾದ ಕಾಟಯ್ಯ, ಚಿತ್ತಯ್ಯರಲ್ಲಿ ಯಜಮಾನಿಕೆಗಾಗಿ ಜಗಳ ಹುಟ್ಟಿತು ಎನ್ನುತ್ತಾರೆ. ಹಿರಿಯವನು ತಾನೆಂದು ಕಾಟಯ್ಯ, ಮಂದೆ ಬೆಳೆಸಿದವನು ತಾನೆಂದು ಚಿತ್ತಯ್ಯ. ಮಾತು ನಿಂತಿತು, ಒಲೆ ಬೇರೆಯಾಯಿತು. ಕೊನೆಗೆ ಮಂದೆಯನ್ನೂ ಒಡೆದು ಅರ್ಧ ಹಟ್ಟಿ ಹೊಳೆಯಾಚೆ ಹೋಗುವುದೆಂದು ತೀರ್ಮಾನವಾಯಿತು. ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಕಾಟಯ್ಯನಿಗೆ ಅನ್ನ ಸೇರದು. ಆದರೂ ಸೋಲಲು ಮನಸ್ಸು ಬಾರದು. ಮೇವಿನ ಎಲ್ಲೆ ಗೊತ್ತುಮಾಡಲು ಹಟ್ಟಿಗೆ ಹಟ್ಟಿಯೇ ನಸುಕಿನಲ್ಲಿ ಗುಡ್ಡ ಹತ್ತಿತು.

ಬೆನ್ನ ಹಿಂದೆ ಸೂರ್ಯ ಮೂಡಿದ್ದೇ ತಡ, ಎಲ್ಲರ ನೆರಳುಗಳೂ ಎದುರಿನ ಮಂಜಿನ ಮೇಲೆ ತಾಳೆಮರದಷ್ಟು ಉದ್ದಕ್ಕೆ ನಿಂತವು. ಕಾಟಯ್ಯ ಕಣ್ಣುಜ್ಜಿಕೊಂಡ. ತನ್ನ ನೆರಳಿನ ತಲೆಯ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ! ಉಳಿದವರ ನೆರಳೆಲ್ಲ ಬೋಳು. ದೇವರೇ ನ್ಯಾಯ ತೀರಿಸಿದನೆಂದು ಅವನ ಎದೆ ಉಬ್ಬಿತು.

"ನೋಡ್ರೋ, ಕಿರೀಟ ನಂದೇ!"

"ಇಲ್ಲಣ್ಣಾ, ನಂದೇ! ನಿನ್ನ ತಲೆ ಬೋಳಾಗೈತೆ!" ಚಿತ್ತಯ್ಯನೂ ಕೂಗಿದ.

ಕಾಟಯ್ಯ ಹೊಡೆಯಲು ಕೈಯೆತ್ತುವಷ್ಟರಲ್ಲಿ ತಾಯಿ ಗಿರಿಯವ್ವ ನಡುವೆ ಬಂದಳು. "ಕಣ್ಣು ಮಂಜಾಗೈತಾ ನಿಮ್ಗೆ? ಅದು ನಂದೇ!" ಆಮೇಲೆ ಬಂಡೆಯ ತುಂಬ ಅದೇ ಕೂಗು. ಸೊಸೆಯಂದಿರದೂ ಅದೇ, ಕೋಲೂರಿದ ಮುದುಕರದೂ ಅದೇ; ಕಂಕುಳ ಕೂಸು ಕೂಡ ಎದುರಿಗೆ ಬೆರಳು ಚಾಚಿತು. ನಂದೇ, ನಂದೇ!

ಕಾಟಯ್ಯನ ಕೈ ತಾನಾಗಿ ಇಳಿಯಿತು. ಬಂಡೆಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಎಲ್ರಿಗೂ ಇಟ್ಟವ್ನೆ ಕಣೋ ದೇವ್ರು! ಅವರವರ ಕಿರೀಟ ಅವರವರಿಗೇ ಕಾಣ್ತೈತೆ. ಯಾರು ಸೋತಂಗಾಯ್ತು ಈಗ?" ಚಿತ್ತಯ್ಯ ಪಕ್ಕದಲ್ಲೇ ಕುಳಿತ. ಎಷ್ಟೋ ದಿನದ ಮೇಲೆ ಇಬ್ಬರ ಹೆಗಲೂ ತಾಗಿದವು.

"ಹಂಗಾದ್ರೆ ಯಜಮಾನಿಕೆ ನೀನೇ ಮಾಡವ್ವ" ಎಂದರು ಮಕ್ಕಳು.

"ಮೊದ್ಲು ಎರಡು ಒಲೇನೂ ಒಂದು ಮಾಡ್ರಿ" ಎಂದು ಗಿರಿಯವ್ವ ಅಲ್ಲೇ ಅಪ್ಪಣೆ ಕೊಟ್ಟಳಂತೆ. ಮಂದೆ ಒಡೆಯಲಿಲ್ಲ.

ಇಂದಿಗೂ ಮಾಗಿಯಲ್ಲಿ ಬಿಸಿಲು ಮಂಜು ಎರಡೂ ಕೂಡಿದ ಬೆಳಗಿನ ಹೊತ್ತು ಗುಡ್ಡ ಹತ್ತಿದವರಿಗೆ ಆ ಬಣ್ಣದ ಬಳೆ ಕಾಣುತ್ತದೆ. ಗಂಡಹೆಂಡಿರಾಗಲಿ ಗೆಳೆಯರಾಗಲಿ, ಜಗಳವಾಡದೆ ಇಳಿದವರಿಲ್ಲ. ಮೇಲಿನಿಂದ "ನಂದೇ!" ಎಂಬ ಕೂಗು ಕೇಳಿದಾಗ ಕೆಳಗೆ ಕುರಿ ಬಿಡುತ್ತಿರುವ ಹಟ್ಟಿಯವರು ತಲೆಯೆತ್ತಿ, "ಹುಟ್ಟಿದ ನೋಡು, ಇನ್ನೊಬ್ಬ ಯಜಮಾನ" ಎಂದು ನಗುತ್ತಾರೆ.