ಮುಂಗುಸಿ ಮೆನಾಶೆಯ ಉಳಿತಾಯ

ಹೊಳೆ ದಾಟಿ, ಬಿದಿರುಮೆಳೆ ಬಳಸಿ ಹೋದರೆ ಸಿಗುವ ಒಂದು ಕಾಡಿನಲ್ಲಿ ಯಹೂದಿ ಪ್ರಾಣಿಗಳದೊಂದು ಕೇರಿ ಇತ್ತು. ಯಹೂದಿ ಪ್ರಾಣಿಗಳೇ ಅಂತ ಬಾಯಿ ಬಿಡಬೇಡಿ ಮಕ್ಕಳೇ. ಮನುಷ್ಯರಲ್ಲಿ ಇದ್ದಮೇಲೆ ಪ್ರಾಣಿಗಳಲ್ಲಿ ಇರಬಾರದೇ? ಶುಕ್ರವಾರ ಹೊತ್ತು ಮುಳುಗಿತೆಂದರೆ ಅವರಿಗೆ ಶಬ್ಬಾತ್, ಅಂದರೆ ವಿಶ್ರಾಂತಿಯ ದಿನ. ಶನಿವಾರ ನಕ್ಷತ್ರ ಮೂಡುವವರೆಗೆ ಯಾರೂ ಒಲೆ ಹಚ್ಚುವ ಹಾಗಿಲ್ಲ, ಅಡಿಗೆ ಮಾಡುವ ಹಾಗಿಲ್ಲ. "ದೇವರು ತಾನು ಏಳನೇ ದಿನ ವಿಶ್ರಾಂತಿ ತೆಗೆದುಕೊಂಡ, ನಮ್ಮ ಹೊಟ್ಟೆಗೆ ರಜೆ ಕೊಡೋದು ಮಾತ್ರ ಮರೆತುಬಿಟ್ಟ" ಎಂದು ಕೇರಿಯ ಹಿರಿಯ, ಆಮೆ ನಹೂಮಜ್ಜ, ವಾರವಾರವೂ ಹೇಳುತ್ತಿದ್ದ. ವಾರವಾರವೂ ಎಲ್ಲರೂ ನಗುತ್ತಿದ್ದರು.

ಅದಕ್ಕೇ ಅವರೊಂದು ದಾರಿ ಕಂಡುಕೊಂಡಿದ್ದರು. ಕೇರಿಯ ನಡುವೆ ಮಣ್ಣಿನ ದೊಡ್ಡ ಭಟ್ಟಿ. ಶುಕ್ರವಾರ ಸಂಜೆ ಮನೆಮನೆಯಿಂದಲೂ ಒಂದೊಂದು ಗಡಿಗೆ ಅಲ್ಲಿಗೆ ಬರುತ್ತಿತ್ತು. ಒಳಗೆ ಕಾಳು, ಗೋಧಿ, ಈರುಳ್ಳಿ. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಭದ್ರ ಮಾಡಿ, ಅವರವರ ಜಾಗದಲ್ಲಿ ಇಟ್ಟುಹೋಗುತ್ತಿದ್ದರು. ಕೆಂಡದ ಕಾವಿನಲ್ಲಿ ಅದರ ಪಾಡಿಗೆ ಅದು ಬೇಯುತ್ತಿತ್ತು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಬಿಸಿಬಿಸಿ ಗಡಿಗೆ ಮನೆಗೆ ಒಯ್ದು ಉಣ್ಣುತ್ತಿದ್ದರು. ಆ ಅಡಿಗೆಗೆ ಹಮೀನ್ ಅಂತ ಹೆಸರು.

ಆ ಕೇರಿಯಲ್ಲಿ ಮೆನಾಶೆ ಎಂಬ ಮುಂಗುಸಿ ಇದ್ದ. ಜುಗ್ಗ ಅಂದರೆ ಶುದ್ಧ ಜುಗ್ಗ. ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಈರುಳ್ಳಿಯನ್ನು ಬಚ್ಚಿಟ್ಟು, ಬರೀ ಸಿಪ್ಪೆ ಹಾಕಿ ಹಮೀನ್ ಮಾಡುತ್ತಿದ್ದ. ಇಡೀ ಕಾಡಿನಲ್ಲಿ ಸಿಪ್ಪೆ ಬೇಯಿಸುವವನು ಅವನೊಬ್ಬನೇ.

"ಏನಪ್ಪಾ ಇದು, ಸಿಪ್ಪೆ ತಿಂದು ಬದುಕ್ತೀಯಾ?" ಎಂದು ಕಾಡುಕೋಳಿ ಮಿಲ್ಕಾ ಕೇಳುತ್ತಿದ್ದಳು.

"ಹಿತಮಿತ ಅಕ್ಕಾ, ಹಿತಮಿತ! ನಮ್ಮ ಹಿರಿಯರು ಮರುಭೂಮಿಯಲ್ಲಿ ಅಲೆದಾಗ ಅವರಿಗೆ ಈರುಳ್ಳಿ ಸಿಕ್ಕಿತ್ತಾ?"

"ಸಿಪ್ಪೆಯೂ ಸಿಕ್ಕಿರಲಿಲ್ಲ ಕಣೋ!"

ತನ್ನ ಗಡಿಗೆಗೆ ಹೀಗೆ ಹಿತಮಿತ ಮಾಡುವವನಿಗೆ ಬೇರೆಯವರ ಗಡಿಗೆ ನೆನೆದರೆ ಮಾತ್ರ ಬಾಯಲ್ಲಿ ನೀರು. ಒಂದು ಶನಿವಾರ ಎಲ್ಲರೂ ಆಲದ ಮರದಡಿ ಪ್ರಾರ್ಥನೆಗೆ ನಿಂತಿದ್ದರು. ಮೆನಾಶೆಯ ತುಟಿ ಪ್ರಾರ್ಥನೆ ಹೇಳುತ್ತಿತ್ತು, ಮೂಗು ಭಟ್ಟಿಯ ಕಡೆಗಿತ್ತು. ಅವನ ಗಡಿಗೆಯಲ್ಲಿದ್ದದ್ದು ಮುಗ್ಗಲು ಹಿಡಿದ ಅವರೆಕಾಳು, ಒಂದಿಷ್ಟು ಗೋಧಿ, ಮತ್ತೆ ಅದೇ ಸಿಪ್ಪೆ. 'ವಾರಕ್ಕೊಂದು ದಿನವಾದರೂ ಚೆನ್ನಾಗಿ ಉಣ್ಣಬೇಕು. ಖರ್ಚು ಮಾತ್ರ ಆಗಬಾರದು' ಎಂದುಕೊಂಡ. ಉಪಾಯ ಹೊಳೆಯಿತು. ಎದೆ ಹಿಡಿದುಕೊಂಡು ಜೋರಾಗಿ ಕೆಮ್ಮಿದ.

"ಏನಾಯ್ತೋ ಮಗಾ?" ಎಂದ ನಹೂಮಜ್ಜ.

"ಎದೆ ಕಟ್ಟಿದೆ ಅಜ್ಜ. ನಿಲ್ಲೋಕೆ ಆಗ್ತಿಲ್ಲ."

"ಹೋಗು, ಹೋಗಿ ಮಲಗು. ದೇವರಿಗೆ ನಾವು ಹೇಳ್ತೀವಿ."

ಮರೆಯಾಗುವವರೆಗೆ ಕೆಮ್ಮಿಕೊಂಡು ನಡೆದ. ಆಮೇಲೆ ಒಂದೇ ಓಟ, ಭಟ್ಟಿಯ ಬಾಯಿಗೆ! ಅಲ್ಲಿ ಒಂದೊಂದೇ ಗಡಿಗೆ ಎತ್ತಿ ಎತ್ತಿ ನೋಡಿದ. ಯಾವುದು ಭಾರವೋ ಅದರಲ್ಲಿ ಊಟ ಹೆಚ್ಚು, ಇದು ಅವನ ಲೆಕ್ಕ. ಮಿಲ್ಕಾಳದು ಪರವಾಗಿಲ್ಲ. ನಹೂಮಜ್ಜನದು ಚೆನ್ನಾಗಿದೆ. ಮೂಲೆಯದು ಎತ್ತಿದ. ಅಬ್ಬಬ್ಬಾ! ಸೊಂಟ ಹಿಡಿಯುವಷ್ಟು ಭಾರ!

ಅದು ಅಳಿಲು ತಿರ್ಸಾಳ ಜಾಗ. ಗಂಡನನ್ನು ಗಿಡುಗ ಒಯ್ದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬದುಕುತ್ತಿದ್ದ ಬಡಪಾಯಿ ಅವಳು. ಯಾರ ಮುಂದೆಯೂ ಕೈಚಾಚಿದವಳಲ್ಲ. ಒಂದು ಗಳಿಗೆ ಮೆನಾಶೆಯ ಕೈ ಹಿಂದೆ ಸರಿಯಿತು. ಆದರೆ ಆಸೆ ಬಿಡಬೇಕಲ್ಲ? 'ಓಹೋ, ಹೊರಗೆ ಬಡತನದ ವೇಷ, ಒಳಗೆ ಇಷ್ಟು ದೊಡ್ಡ ಊಟ! ಇಂಥವಳಿಗೆ ಒಂದು ವಾರ ಸಿಪ್ಪೆ ತಿಂದರೆ ಏನೂ ಆಗಲ್ಲ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ತನ್ನ ಗಡಿಗೆಯನ್ನು ಅವಳ ಜಾಗದಲ್ಲಿಟ್ಟ. ಅವಳದನ್ನು ಹೊತ್ತು ಮನೆಗೆ ಓಡಿದ.

ಬಾಗಿಲು ಮುಚ್ಚಿದ. ಕೈ ತೊಳೆದ. ಊಟದ ಮೊದಲಿನ ಮಂತ್ರವನ್ನೂ ಹೇಳಿದ, ನೋಡಿ ಭಕ್ತಿ! ಮುಚ್ಚಳದ ಸುತ್ತಲಿನ ಹಿಟ್ಟು ಕಿತ್ತ. ಗಡಿಗೆಯ ಬಾಯಿ ಒಂದು ಕಡೆ ಮುಕ್ಕಾಗಿತ್ತು. ತಿರ್ಸಾಳ ಮುಕ್ಕು ಗಡಿಗೆ ಕೇರಿಗೆಲ್ಲ ಗೊತ್ತು. ಮುಚ್ಚಳ ತೆಗೆದು ಸೌಟು ಇಳಿಸಿದ.

ಟಣ್!

ಮತ್ತೆ ಇಳಿಸಿದ. ಮತ್ತೆ ಟಣ್! ಬಗ್ಗಿ ನೋಡಿದ. ಕಲ್ಲು! ಹೊಳೆದಂಡೆಯ ನುಣ್ಣನೆ ಕಲ್ಲುಗಳು, ಚೆನ್ನಾಗಿ ತೊಳೆದವು, ಮೇಲೊಂದಿಷ್ಟು ನೀರು. ಕಾಳಿನ ಒಂದು ಚೂರೂ ಇಲ್ಲ.

"ಅಯ್ಯೋ ಮೋಸಗಾತಿ!" ಎಂದು ಮೊದಲು ಬೈದ. ಬೈದ ಮಾತು ಇನ್ನೂ ಬಾಯಲ್ಲಿರುವಾಗಲೇ ಅವನಿಗೆ ಅರ್ಥವಾಯಿತು. ಅವಳ ಮನೆಯಲ್ಲಿ ಬೇಯಿಸಲು ಏನೂ ಇರಲಿಲ್ಲ. ಎಲ್ಲರ ಗಡಿಗೆ ಭಟ್ಟಿಗೆ ಹೋಗುವಾಗ ತನ್ನದು ಹೋಗದಿದ್ದರೆ ನಾಲ್ಕು ಜನ ಕೇಳುತ್ತಾರೆ ಅಂತ ಕಲ್ಲು ತುಂಬಿದ್ದಳು. ಮಕ್ಕಳು ಏನು ಉಂಡವೋ, ಯಾವಾಗ ಉಂಡವೋ. ಅವಳ ಮನೆ ಇದ್ದದ್ದು ಇವನ ಮನೆಯ ಪಕ್ಕದ ಮರದಲ್ಲೇ. ಆದರೂ ಇವನು ಒಂದು ದಿನ ಇಣುಕಿ ನೋಡಿದವನಲ್ಲ, ಇವತ್ತು ಕದಿಯಲು ಹೋಗಿದ್ದ. ಥೂ! ಮೆನಾಶೆಗೆ ಕಿವಿಯೆಲ್ಲ ಬಿಸಿಯಾಯಿತು. ತನ್ನ ಮುಖ ತನಗೇ ತೋರಿಸಬಾರದು ಅನ್ನಿಸಿತು.

ಎಷ್ಟು ಹೊತ್ತು ಹಾಗೇ ಕೂತಿದ್ದನೋ, ಬಾಗಿಲು ಬಡಿದ ಸದ್ದು.

"ಮೆನಾಶೆ! ಹೇಗಿದ್ದೀಯಪ್ಪಾ?" ನಹೂಮಜ್ಜನ ದನಿ. ಕಾಯಿಲೆಯವರನ್ನು ನೋಡಿಬರುವುದು ಆ ಕೇರಿಯವರಿಗೆ ಬಿಡಬಾರದ ಧರ್ಮ. ಇವನು ಕೆಮ್ಮಿದ ಕೆಮ್ಮಿಗೆ ಅರ್ಧ ಕೇರಿಯೇ ಉಂಡು ಬಂದಿತ್ತು. ಗಡಿಗೆ ಎಲ್ಲಿ ಬಚ್ಚಿಡಲಿ ಅಂತ ಅವನು ಸುತ್ತ ನೋಡುವುದರೊಳಗೆ ಮಿಲ್ಕಾ ಬಾಗಿಲು ತಳ್ಳಿಯೇಬಿಟ್ಟಳು. ಹಿಂದೆ ನಹೂಮಜ್ಜ, ಅವನ ಹಿಂದೆ ಇನ್ನಷ್ಟು ಜನ. ಎಲ್ಲರಿಗಿಂತ ಹಿಂದೆ ತಿರ್ಸಾ, ಕೈಯಲ್ಲೊಂದು ಮುಚ್ಚಿದ ಬಟ್ಟಲು ಹಿಡಿದು.

ಮಿಲ್ಕಾಳ ಕಣ್ಣು ನೇರ ಗಡಿಗೆಗೆ ಹೋಯಿತು. "ಇದು ತಿರ್ಸಾಳ ಮುಕ್ಕು ಗಡಿಗೆ ಅಲ್ವಾ? ಇಲ್ಲಿಗೆ ಹೇಗೆ ಬಂತು?" ಕತ್ತು ಚಾಚಿ ಒಳಗೆ ನೋಡಿದಳು. "ಅಯ್ಯಯ್ಯೋ, ಇದರ ತುಂಬಾ ಕಲ್ಲು!"

ನಹೂಮಜ್ಜ ಕತ್ತು ಹೊರಗೆ ಹಾಕಿ ಮೆನಾಶೆಯನ್ನೇ ನೋಡಿದ. "ಏನೋ ಇದು?"

ಮೆನಾಶೆಗೆ ಭೂಮಿ ಬಾಯಿ ಬಿಟ್ಟರೆ ಸಾಕಪ್ಪಾ ಅನ್ನಿಸಿತು. ಆ ಕೇರಿಯಲ್ಲಿ ಶಬ್ಬಾತ್ ಊಟ ಕದ್ದವನ ಮುಖವನ್ನು ಯಾರೂ ನೋಡುತ್ತಿರಲಿಲ್ಲ, ಅವನ ಪಕ್ಕ ಪ್ರಾರ್ಥನೆಗೂ ನಿಲ್ಲುತ್ತಿರಲಿಲ್ಲ. ತಲೆ ತಗ್ಗಿಸಿ ಕೂತ.

ಆಗ ತಿರ್ಸಾ ಮುಂದೆ ಬಂದಳು.

"ಆ ಕಲ್ಲು ನಾನು ಹಾಕಿದ್ದು ಅಜ್ಜ. ಮನೆಯಲ್ಲಿ ಒಂದು ಕಾಳೂ ಇರಲಿಲ್ಲ. ನಿಮಗೆಲ್ಲ ಗೊತ್ತಾಗಬಾರದು ಅಂತ ಕಲ್ಲು ತುಂಬಿ ಭಟ್ಟಿಗೆ ಕಳಿಸಿದೆ. ಗಡಿಗೆ ಮನೆಗೆ ತಂದು, ಊಟ ಸೀದುಹೋಯಿತು ಅಂತ ಮಕ್ಕಳಿಗೆ ಹೇಳೋಣ ಅಂದುಕೊಂಡಿದ್ದೆ. ತೆಗೆದು ನೋಡಿದರೆ ಗಡಿಗೆ ನನ್ನದಲ್ಲ, ಒಳಗೆ ಅವರೆಕಾಳು! ಸಿಪ್ಪೆ ನೋಡಿದ ಕೂಡಲೇ ಯಾರದು ಅಂತ ತಿಳೀತು. ಮೆನಾಶೆ ಅಣ್ಣ ನನ್ನ ಗಡಿಗೆ ತಾನು ತಗೊಂಡು ತನ್ನದನ್ನ ನನ್ನ ಜಾಗದಲ್ಲಿ ಇಟ್ಟಿದ್ದಾನೆ. ನನ್ನ ಮಕ್ಕಳು ಇವತ್ತು ಹೊಟ್ಟೆ ತುಂಬ ಉಂಡವು."

ಮಿಲ್ಕಾ ರೆಕ್ಕೆಯಿಂದ ಮುಖ ಮುಚ್ಚಿಕೊಂಡಳು. ನಹೂಮಜ್ಜನ ಕಣ್ಣಲ್ಲಿ ನೀರು.

"ನಾಚಿಕೆ ಆಗಬೇಕು ನಮಗೆ!" ಎಂದ ಅವನು. "ಕೇರಿಯ ಹಿರಿಯ ಅಂತ ನಾನೊಬ್ಬ ಬೇರೆ. ನಮ್ಮ ಕಣ್ಣಿಗೆ ಕಾಣದ್ದು ಈ ಜುಗ್ಗನ ಕಣ್ಣಿಗೆ ಕಂಡಿತಲ್ಲ! ಕೆಮ್ಮಿನ ನೆಪ ಹೇಳಿ ಯಾರಿಗೂ ತಿಳಿಯದ ಹಾಗೆ ಕೊಟ್ಟು, ತಾನು ಹಸಿದು ಕೂತಿದ್ದಾನೆ. ಕೊಟ್ಟವನು ಯಾರು ಅಂತ ತಿಳಿಯದ ಹಾಗೆ ಕೊಡೋದೇ ದೊಡ್ಡ ದಾನ."

"ಇಲ್ಲ ಅಜ್ಜ, ಹಾಗಲ್ಲ" ಎಂದ ಮೆನಾಶೆ. "ನಾನು... ನಾನು ಕದ್ದೆ."

ಎಲ್ಲರೂ ಗೊಳ್ಳೆಂದು ನಕ್ಕರು. "ಕೇಳಿದಿರಾ ಇವನ ಮಾತು!" ಎಂದಳು ಮಿಲ್ಕಾ ಕಣ್ಣೊರೆಸಿಕೊಂಡು. "ಬಿಸಿ ಊಟ ಇಟ್ಟು ಕಲ್ಲು ಕದಿಯೋ ಕಳ್ಳನನ್ನ ಯಾವ ಕಾಡಲ್ಲಾದರೂ ಕಂಡಿದ್ದೀರಾ? ಮಾಡಿದ ದಾನ ಮುಚ್ಚಿಡೋಕೆ ಕಳ್ಳ ಅಂತ ಹೇಳ್ಕೊಳ್ತಾನೆ!"

ಇನ್ನೊಂದು ಸಲ ಹೇಳಬಹುದಿತ್ತು. ಗಟ್ಟಿಯಾಗಿ ಹೇಳಬಹುದಿತ್ತು. ಮೆನಾಶೆ ಹೇಳಲಿಲ್ಲ. ಅವರ ನಗುವಿನ ಹಿಂದೆ ಅಡಗಿ ಕೂತುಬಿಟ್ಟ. ಕದ್ದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ಹೇಸಿಗೆ ಅನ್ನಿಸಿತು.

ಒಬ್ಬೊಬ್ಬರೇ ಬೆನ್ನು ತಟ್ಟಿ ಹೊರಟರು. ತಿರ್ಸಾಳ ಮನೆಗೆ ಯಾರು ಏನು ಕೊಡಬೇಕು ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡು ಹೋದರು. ತಿರ್ಸಾ ಮಾತ್ರ ಉಳಿದಳು. ಬಟ್ಟಲನ್ನು ಅವನ ಮುಂದಿಟ್ಟಳು.

"ಉಣ್ಣಣ್ಣ. ಆರಿಹೋದರೆ ಇವತ್ತು ಬಿಸಿ ಮಾಡೋ ಹಾಗಿಲ್ಲ."

"ತಂಗಿ, ನಾನು ನಿಜವಾಗಲೂ ಕದ್ದೆ" ಎಂದ ಮೆನಾಶೆ. "ಭಾರ ನೋಡಿ ಕದ್ದೆ. ದಾನವೂ ಇಲ್ಲ, ಮಣ್ಣೂ ಇಲ್ಲ."

"ಗೊತ್ತು."

"ಗೊತ್ತಾ?"

"ಸಿಪ್ಪೆ ಬೇಯಿಸೋನು ದಾನ ಮಾಡ್ತಾನಾ ಅಣ್ಣ? ಮುಚ್ಚಳ ತೆಗೆದಾಗಲೇ ಗೊತ್ತಾಯ್ತು. ನಿನಗೆ ಕಲ್ಲು ಸಿಕ್ಕಿರುತ್ತೆ, ಹಸಿದಿರ್ತೀಯ ಅಂತ ಗುಟ್ಟಾಗಿ ಬಟ್ಟಲು ತರ್ತಿದ್ದೆ. ಬಾಗಿಲಿಗೆ ಬಂದರೆ ಇಡೀ ಕೇರಿ ನಿಂತಿದೆ."

"ಮತ್ತೆ ಯಾಕೆ ಹಾಗೆ ಹೇಳಿದೆ? ನಿನ್ನ ಬಡತನ ಮುಚ್ಚಿಡೋಕೆ ಅಲ್ವಾ ಕಲ್ಲು ತುಂಬಿದ್ದು? ಅದನ್ನ ನೀನೇ ಎಲ್ಲರ ಮುಂದೆ ಬಿಚ್ಚಿಟ್ಟೆಯಲ್ಲ!"

ತಿರ್ಸಾ ಬಟ್ಟಲಿನ ಮುಚ್ಚಳ ತೆಗೆದು ಅವನತ್ತ ಸರಿಸಿದಳು. "ನಾಲ್ಕು ಜನರ ಮುಂದೆ ಒಬ್ಬರ ಮಾನ ಕಳೆಯೋದು ರಕ್ತ ಚೆಲ್ಲಿದ ಹಾಗೆ ಅಂತ ನಮ್ಮ ಹಿರಿಯರು ಹೇಳಿಲ್ವಾ? ಒಂದು ಮಾನ ಹೋಗಲೇಬೇಕಿತ್ತು ಅಣ್ಣ. ನನ್ನದು ನನ್ನ ಸೊತ್ತು, ಕೊಟ್ಟೆ. ನಿನ್ನದನ್ನ ಕಳೆಯೋಕೆ ನಾನು ಯಾರು?"

ಅಷ್ಟು ಹೇಳಿ ಮಕ್ಕಳ ಹತ್ತಿರ ಹೋದಳು.

ಮೆನಾಶೆ ಬಟ್ಟಲು ಎತ್ತಿಕೊಂಡ. ಮುಗ್ಗಲು ಕಾಳು, ಸಿಪ್ಪೆಯ ಒಗರು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ ತುತ್ತು ತುತ್ತಿಗೂ ಕಣ್ಣೀರು ಸುರಿಸುತ್ತ ಉಂಡ. ಇದನ್ನೇ ಆ ಮಕ್ಕಳು ಹೊಟ್ಟೆ ತುಂಬ ಉಂಡವಂತೆ! ಹೊಟ್ಟೆಯ ಹಸಿವು ಹೋಯಿತು, ಎದೆಯ ಉರಿ ಹೋಗಲಿಲ್ಲ.

ಮುಂದಿನ ಶುಕ್ರವಾರದಿಂದ ಮೆನಾಶೆ ಎರಡು ಗಡಿಗೆ ತುಂಬಿಸತೊಡಗಿದ. ಒಳ್ಳೆಯ ಕಾಳು, ಇಡೀ ಇಡೀ ಈರುಳ್ಳಿ. ಒಂದು ತನಗೆ, ಒಂದು ತಿರ್ಸಾಳ ಮನೆಗೆ. ಕೇರಿಯವರು ಅವನನ್ನು ಕಂಡಾಗಲೆಲ್ಲ "ಧರ್ಮಾತ್ಮ ಬಂದ" ಎಂದು ದಾರಿ ಬಿಡುತ್ತಿದ್ದರು. ಅವನು ಪ್ರತಿಸಲವೂ ತಲೆ ತಗ್ಗಿಸಿ, ನೆಲ ನೋಡುತ್ತ ಸರಿದುಹೋಗುತ್ತಿದ್ದ.

"ನೋಡ್ರೋ, ಎಂಥಾ ವಿನಯ!" ಎಂದು ನಹೂಮಜ್ಜ ಮಕ್ಕಳಿಗೆ ತೋರಿಸುತ್ತಿದ್ದ.

ನೀತಿ: ಇನ್ನೊಬ್ಬರ ತುತ್ತು ಕಿತ್ತು ಉಳಿಸಿದ್ದು ಉಳಿತಾಯವಲ್ಲ, ಕಳ್ಳತನ. ಕದ್ದವನಿಗೆ ಬೈಗುಳಕ್ಕಿಂತ, ಅರ್ಹತೆಯಿಲ್ಲದೆ ಸಿಕ್ಕ ಹೊಗಳಿಕೆಯೇ ದೊಡ್ಡ ಶಿಕ್ಷೆ.