ಗೋಡೆ ಒರೆಸಿದವಳು

“ಬುದ್ಧಿ, ಮನಸ್ಸಿಟ್ಟು ಹುಡುಕಿದರೆ ಹುಡುಕುವ ಬಳ್ಳಿ ತಾನಾಗಿ ಕಾಲಿಗೆ ತೊಡರುತ್ತದೆ ಎನ್ನುತ್ತಾರಲ್ಲ, ನಿಜವೇ?”

ಕೇಳಿದವನು ಚೆನ್ನವೀರ, ಮಠಕ್ಕೆ ಬಂದು ಇನ್ನೂ ವರ್ಷ ತುಂಬದ ಶಿಷ್ಯ. ಗುರುಗಳು ಜಗಲಿಯ ಮೇಲೆ ಕುಳಿತು ಮಧ್ಯಾಹ್ನದ ಅಡುಗೆಗೆ ಹೊನಗನ್ನೆ ಸೊಪ್ಪು ಬಿಡಿಸುತ್ತಿದ್ದರು.

“ಯಾರು ಹೇಳಿದ್ದು?”

“ಎಲ್ಲರೂ ಹೇಳುತ್ತಾರೆ.”

“ಎಲ್ಲರೂ ಹೇಳುವ ಮಾತು ಸಂತೆ ಮುಗಿದ ಮೇಲೆ ಉಳಿದ ಬದನೆಕಾಯಿ ಇದ್ದ ಹಾಗೆ ಮರಿ. ಕೂತುಕೋ. ಕೈಗೆ ಸೊಪ್ಪು ತೆಗೆದುಕೋ. ನಡುವೆ ಬಾಯಿ ಹಾಕದಿದ್ದರೆ ಒಂದು ಕತೆ ಹೇಳುತ್ತೇನೆ.”

ಚೆನ್ನವೀರ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಮದುವೆ ಮನೆಗಳ ಗೋಡೆಗೆ ಗಿಳಿ, ನವಿಲು, ಆನೆ ಬರೆದು ಹೊಟ್ಟೆ ಹೊರೆಯುತ್ತಿದ್ದ. ಮದುವೆ ಮುಗಿದು ಹಬ್ಬ ಬಂತೆಂದರೆ ಮನೆಯವರು ಅದರ ಮೇಲೆಯೇ ಸುಣ್ಣ ಬಳಿಯುತ್ತಿದ್ದರು. ಅವನು ಸತ್ತಾಗ ಊರಿನಲ್ಲಿ ಅವನು ಬರೆದ ಒಂದು ನವಿಲುಗರಿಯೂ ಉಳಿದಿರಲಿಲ್ಲ. ಹೆಸರಿನ ಮಾತಂತೂ ಬೇಡವೇ ಬೇಡ.

ಅವನಿಗೆ ಒಬ್ಬಳು ಮಗಳು. ಕಷ್ಟಪಟ್ಟು ಓದಿದಳು. ಹಳೆಯ ಗುಡಿ ಮಂಟಪಗಳ ಚರಿತ್ರೆ, ಅವುಗಳ ಕೆತ್ತನೆ, ಚಿತ್ತಾರ, ಇವನ್ನೆಲ್ಲ ಅಭ್ಯಾಸ ಮಾಡುವ ವಿದ್ಯಾರ್ಥಿನಿಯಾದಳು. ಪುಸ್ತಕಗಳನ್ನು ತೆರೆದರೆ ಗುಡಿ ಕಟ್ಟಿಸಿದ ದೊರೆಯ ಹೆಸರಿತ್ತು. ಎಣ್ಣೆಗೆ ದಾನ ಕೊಟ್ಟ ಸೆಟ್ಟಿಯ ಹೆಸರಿತ್ತು. ಹೋಗಿ ನೋಡಿಬಂದ ಪಂಡಿತನ ಹೆಸರೂ ಇತ್ತು. ಬಣ್ಣ ಹಚ್ಚಿದವನ ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ. “ನಮ್ಮಪ್ಪನ ಹೆಸರಂತೂ ಸುಣ್ಣದ ಕೆಳಗೆ ಹೋಯಿತು. ಅಂಥ ಇನ್ನೊಬ್ಬನ ಹೆಸರನ್ನಾದರೂ ಹೊರಗೆ ತರದೆ ಬಿಡುವವಳಲ್ಲ ನಾನು” ಎಂದು ಪಣ ತೊಟ್ಟಳು. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ಹುಡುಕುತ್ತಾ ಒಂದು ಹಳ್ಳಿಯ ಶಿವನ ಗುಡಿಗೆ ಬಂದಳು. ಅಲ್ಲಿ ಪಡಸಾಲೆಯ ಗೋಡೆಯ ತುಂಬ ಗಿರಿಜಾ ಕಲ್ಯಾಣದ ಚಿತ್ರವಿದೆ ಎಂದು ಯಾರೋ ಹೇಳಿದ್ದರು. ಬಂದು ನೋಡಿದರೆ ಏನಿದೆ? ತಲೆತಲಾಂತರದ ದೀಪದ ಹೊಗೆ ಕುಡಿದ ಕಪ್ಪು ಗೋಡೆ. ಅವಳ ಮುಖ ಬಾಡಿತು.

ಗುಡಿಯ ಅರ್ಚಕ ನಕ್ಕ. “ನೀರು ಸೋಕಿಸಬೇಕು ತಾಯಿ, ಆಮೇಲೆ ನೋಡು” ಎಂದು ಒದ್ದೆ ಬಟ್ಟೆ ತಂದು ಗೋಡೆಯ ಮೇಲೆ ಒಮ್ಮೆ ಆಡಿಸಿದ.

ಅಬ್ಬಬ್ಬಾ! ಮಸಿಯೊಳಗಿಂದ ಗಿರಿಜೆಯ ಮುಖ ಎದ್ದುಬಂತು. ಕೆಂಪು ಸೀರೆ, ಹಸಿರು ಬಳೆ, ತಗ್ಗಿಸಿದ ಕಣ್ಣು. ಪಕ್ಕದಲ್ಲಿ ಶಿವ, ಹಿಂದೆ ದಿಬ್ಬಣ, ದಿಬ್ಬಣದಲ್ಲಿ ತಮಟೆಯವರು, ಕಳಶ ಹೊತ್ತ ಹೆಂಗಸರು. ಅವಳ ಕಣ್ಣಲ್ಲಿ ನೀರಾಡಿತು. ಗೋಡೆ ಆರಿತು. ಎಲ್ಲವೂ ಮತ್ತೆ ಮಂಕಾಯಿತು.

ಅರ್ಚಕನೇನೂ ಕೆಟ್ಟವನಲ್ಲ, ಮರಿ. ಅವನಪ್ಪನೂ ಅಪರೂಪಕ್ಕೆ ಬಂದವರಿಗೆ ಹಾಗೆಯೇ ತೋರಿಸುತ್ತಿದ್ದ. ಅಪರೂಪಕ್ಕೆ ಬಂದವರಿಂದ ಗೋಡೆಗೆ ಅಂಥದೇನೂ ಆಗಿರಲಿಲ್ಲ. ಇವಳು ಬಂದದ್ದು ತಿಂಗಳುಗಟ್ಟಲೆ ಇರುವುದಕ್ಕೆ.

ಬೆಳಿಗ್ಗೆ ಬರುವಳು. ಗೋಡೆಯ ಒಂದೊಂದು ಭಾಗಕ್ಕೂ ನೀರು ಸೋಕಿಸುವಳು. ಬಣ್ಣ ಏಳುತ್ತಲೇ ಫೋಟೋ ತೆಗೆಯುವಳು, ಕಾಗದದ ಮೇಲೆ ಗೆರೆ ಇಳಿಸುವಳು. ಆರಿದರೆ ಮತ್ತೆ ನೀರು. ಎಲ್ಲಾದರೂ ಹೆಸರು ಇದ್ದೀತೆಂದು ಮುಖ ಮುಖ ಹುಡುಕಿದಳು. ಕಿರೀಟದ ಅಂಚು ನೋಡಿದಳು. ಚಪ್ಪರದ ಕಂಬ, ಶಿವನ ಹೆಗಲ ಹಾವಿನ ಹೆಡೆ, ಒಂದನ್ನೂ ಬಿಡಲಿಲ್ಲ. ಹೆಸರು ಎಂದ ಮೇಲೆ ಎತ್ತರದಲ್ಲೇ ಇರಬೇಕಲ್ಲವೇ? ದೊರೆಗಳು ಹಾಗೆಯೇ ಬರೆಸಿದ್ದಾರೆ, ಪುಸ್ತಕಗಳೂ ಅವಳಿಗೆ ಹಾಗೆಯೇ ಕಲಿಸಿದ್ದವು.

ಮೇಲೆ ಹಚ್ಚಿದ ನೀರು ಕೆಳಗೆ ಇಳಿಯದೆ ಇರುತ್ತದೆಯೇ? ದೇವರುಗಳ ಪಾದದ ಕೆಳಗೆ ಒಂದು ಗೇಣಿನ ಪಟ್ಟಿಯಿತ್ತು. ಚಿತ್ರವಿಲ್ಲದ ಪಟ್ಟಿ, ಗೋಡೆಯಲ್ಲೆಲ್ಲ ಅದೇ ಹೆಚ್ಚು ಕಪ್ಪು. ನೀರೆಲ್ಲ ಇಳಿದು ಅಲ್ಲಿ ನಿಲ್ಲುತ್ತಿತ್ತು. ಅವಳು ಅಚ್ಚುಕಟ್ಟಿನ ಹುಡುಗಿ. ಗುಡಿಯನ್ನು ಗಲೀಜು ಮಾಡಿ ಹೋದಳು ಎನ್ನಿಸಿಕೊಳ್ಳಬಾರದು. ದಿನವೂ ಹೊರಡುವ ಮುಂಚೆ ಆ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಚೆನ್ನಾಗಿ ಒರೆಸುತ್ತಿದ್ದಳು. ಒರೆಸುವಾಗ ಕೈ ಕೆಳಗಿರುತ್ತಿತ್ತು, ಕಣ್ಣು ಮೇಲಿನ ಮುಖಗಳ ಮೇಲಿರುತ್ತಿತ್ತು. ಬಟ್ಟೆಯನ್ನು ಅಂಗಳದ ಕಣಗಿಲೆ ಗಿಡದ ಬುಡದಲ್ಲಿ ಹಿಂಡಿ, ಒಣಗಲು ಹಾಕಿ ಹೋಗುತ್ತಿದ್ದಳು. ಮೊದಮೊದಲು ಕಪ್ಪು ನೀರು ಬರುತ್ತಿತ್ತು. ಆಮೇಲಾಮೇಲೆ ಸ್ವಲ್ಪ ಕೆಂಪಗೆ ಬರತೊಡಗಿತು. ಕೆಮ್ಮಣ್ಣಿನ ಊರು, ಧೂಳಿರಬೇಕು ಎಂದುಕೊಂಡಳು.

ಕೆಲಸ ಮುಗಿಯಿತು. ಪುಸ್ತಕ ಬಂತು. ದೊಡ್ಡವರು ಶಾಲು ಹೊದಿಸಿದರು, ಪದವಿ ಕೊಟ್ಟರು. ಆದರೆ ಆ ಪುಸ್ತಕದಲ್ಲಿ ಅವಳೇ ಕೈಯಾರೆ ಬರೆಯಬೇಕಾಗಿ ಬಂದ ಒಂದು ಸಾಲಿತ್ತು: ‘ಬರೆದವನು ಯಾರೆಂದು ತಿಳಿಯದು.’ ಶಾಲು ಹೊದ್ದುಕೊಂಡು ಮನೆಗೆ ಬಂದು ಅಪ್ಪನ ಪಟದ ಮುಂದೆ ನಿಂತಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೆಲವು ವರ್ಷ ಕಳೆದವು. ಬೇರೊಂದು ಸೀಮೆಯಲ್ಲಿ, ಬಾಗಿಲು ಹಾಕಿ ಎಷ್ಟೋ ಕಾಲವಾದ ಒಂದು ಗುಡಿಯನ್ನು ಅವಳು ನೋಡಲು ಹೋದಳು. ಅದರ ಗೋಡೆಯ ಮೇಲೂ ಅದೇ ಬಗೆಯ ಚಿತ್ರ. ಅರ್ಧ ಗೋಡೆ ಕುಸಿದಿತ್ತು. ನಿಲ್ಲುವುದಕ್ಕೆ ಜಾಗವಿಲ್ಲದೆ ನೆಲಕ್ಕೆ ಕುಕ್ಕರುಗಾಲಿನಲ್ಲಿ ಕುಳಿತಳು. ಆಗ ಕಣ್ಣಿನ ನೇರಕ್ಕೆ ಬಂದದ್ದು ಪಾದದ ಕೆಳಗಿನ ಪಟ್ಟಿ. ಅದರ ಮೇಲೆ ಕೆಂಪು ಕಾವಿಯಲ್ಲಿ ಸಣ್ಣ ಅಕ್ಷರ: ‘ಈ ಪಾದಗಳ ಕೆಳಗೆ ತಲೆಯಿಟ್ಟು ಇದನ್ನು ಬರೆದವನು’. ಅಷ್ಟೇ. ಮುಂದೆ ಹೆಸರಿರಬೇಕಾದ ಕಡೆ ಗಾರೆ ಉದುರಿ ಕಲ್ಲು ಕಾಣುತ್ತಿತ್ತು.

ಹೆಸರು ಹೋಗಿತ್ತು, ಆದರೆ ಹೆಸರಿನ ಜಾಗ ಗೊತ್ತಾಯಿತು. ಆ ಕಾಲದ ಚಿತ್ರಗಾರರು ತಮ್ಮ ಹೆಸರನ್ನು ದೇವರ ಪಾದದ ಕೆಳಗೆ, ಯಾರ ಕಣ್ಣೂ ಬೀಳದ ಕಡೆ ಬರೆಯುತ್ತಿದ್ದರು. ಅವಳು ದಡಬಡಿಸಿ ಎದ್ದಳು. “ನನ್ನ ಗೋಡೆಯ ಮೇಲೂ ಇರುತ್ತದೆ, ಅಲ್ಲೇ ಇರುತ್ತದೆ” ಎನ್ನುತ್ತಾ ಸಿಕ್ಕ ಬಸ್ಸು ಹತ್ತಿ ಹಳೆಯ ಗುಡಿಗೆ ಓಡಿಬಂದಳು. ದಾರಿಯಲ್ಲಿ ಹನಿ ನೀರೂ ಕುಡಿಯಲಿಲ್ಲ.

ಅರ್ಚಕ ಇನ್ನೂ ಇದ್ದ. ಅವಳು ಅವನನ್ನು ಮಾತಾಡಿಸುವಷ್ಟೂ ತಾಳದೆ ಗೋಡೆಯ ಬುಡದಲ್ಲಿ ಮಂಡಿಯೂರಿದಳು. ಗೇಣಿನ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಿತ್ತು. ತೊಳೆದಿಟ್ಟ ತಟ್ಟೆಯ ಹಾಗಿತ್ತು. ಚೀಲದಿಂದ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದಳು. ಒಂದೊಂದೂ ಪಾದದವರೆಗೆ ಬಂದು ಅಲ್ಲಿಗೆ ನಿಂತಿತ್ತು.

“ಅಯ್ಯನವರೇ, ಇಲ್ಲಿ ಅಕ್ಷರ ಇತ್ತೇ? ನೆನಪು ಮಾಡಿಕೊಳ್ಳಿ, ನಿಮ್ಮ ಕಾಲಿಗೆ ಬೀಳುತ್ತೇನೆ.”

ಅರ್ಚಕ ಕಣ್ಣು ಕಿರಿದು ಮಾಡಿ ಯೋಚಿಸಿದ. “ಮಸಿಯ ಕೆಳಗೆ ಏನೋ ಕೆಂಪಗೆ, ಇರುವೆ ಸಾಲಿನ ಹಾಗೆ ಇತ್ತು ತಾಯಿ. ಅಕ್ಷರವೋ ಏನೋ, ನಾನು ಓದಿದವನಲ್ಲ. ನೀನು ದಿನಾ ಒರೆಸಿ ಒರೆಸಿ ಎಷ್ಟು ಚೊಕ್ಕಟ ಮಾಡಿಟ್ಟು ಹೋದೆ! ಬಂದವರಿಗೆಲ್ಲ ನಾನು ನಿನ್ನ ಹೆಸರನ್ನೇ ಹೇಳುವುದು.”

ಅವನು ಹೊಗಳಿಯೇ ಹೇಳಿದ, ಮರಿ. ಅವಳು ಅಲ್ಲಿಯೇ ಕುಸಿದಳು. ಕಣ್ಣೀರು ಗೋಡೆಗೆ ತಾಗೀತೆಂದು ಅಷ್ಟು ದೂರ ಸರಿದು ಕುಳಿತು, ಅಪ್ಪ ಸತ್ತಾಗಲೂ ಅತ್ತಿರದಷ್ಟು ಅತ್ತಳು. ಈಗ ಜಾಗ್ರತೆ ಮಾಡಿ ಉಳಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಗುರುಗಳು ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಹಾಕಿ, ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದರು. ಚೆನ್ನವೀರನ ಕೈಯಲ್ಲಿದ್ದ ಸೊಪ್ಪು ಹಾಗೆಯೇ ಇತ್ತು. ಅವನಿಗೆ ತಡೆಯಲಾಗಲಿಲ್ಲ.

“ಅಷ್ಟು ಹುಡುಕಿದರೂ ಅವಳಿಗೆ ಆ ಹೆಸರು ಸಿಗಲೇ ಇಲ್ಲವೇ ಬುದ್ಧಿ?”

“ಸಿಗದೆ ಏನು ಮರಿ? ದಿನವೂ ಸಿಕ್ಕಿತು, ದಿನವೂ ಹಿಂಡಿ ಕಣಗಿಲೆ ಗಿಡದ ಬುಡಕ್ಕೆ ಚೆಲ್ಲಿದಳು.”