ಗಣಕಯಂತ್ರಕ್ಕೆ ಹೊದಿಸಿದ ಶಾಲು

ಬನ್ನಿ, ಕೂತುಕೊಳ್ಳಿ. ಗೋಡೆಗೆ ಒರಗೋರು ಒರಗಿಕೊಳ್ಳಿ, ಕಾಲು ಚಾಚೋರು ಚಾಚಿಕೊಳ್ಳಿ. ನಗು ಬಂದರೆ ತಡೀಬೇಡಿ. ಪ್ರಶ್ನೆ ಬಂದರೆ ಮಾತ್ರ ಕಥೆ ಮುಗಿಯೋವರೆಗೆ ಬಾಯಲ್ಲೇ ಇಟ್ಟುಕೊಂಡಿರಿ.

ಕಪಿಲೆ ಹೊಳೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿ ಮರುಳಯ್ಯ ಅಂತ ಒಬ್ಬ ಗುರು. ಊರವರೆಲ್ಲ ಅವರನ್ನು ಬುದ್ಧಿಯವರು ಅಂತಲೇ ಕರೆಯುತ್ತಿದ್ದರು. ಅವರ ಶಿಷ್ಯ ಶಿವಮಲ್ಲು. ಮಠದ ಅಡುಗೆಮನೆ ಚಿಕ್ಕತಾಯಮ್ಮನದು.

ಆಗಿನ್ನೂ ಕೈಗೊಂದು ಫೋನು ಬಂದಿರಲಿಲ್ಲ. ಪಟ್ಟಣದ ಭಕ್ತರೊಬ್ಬರು ತಮ್ಮ ಕಂಪ್ಯೂಟರನ್ನು ಮಠಕ್ಕೆ ತಂದುಕೊಟ್ಟರು. ಬುದ್ಧಿಯವರ ಮುಂದೆ ಶುದ್ಧ ಕನ್ನಡವೇ ಆಡಬೇಕು ಅಂತ, ಕೈಮುಗಿದು, "ಇದು ಗಣಕಯಂತ್ರ ಬುದ್ಧಿ" ಅಂದರು.

ಅಲ್ಲೇ ಆಯಿತು ಎಡವಟ್ಟು.

ಚಿಕ್ಕತಾಯಮ್ಮನಿಗೆ ಗೊತ್ತಿದ್ದ ಯಂತ್ರ ಒಂದೇ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಪೂಜೆ ಮಾಡಿಸಿ, ದೃಷ್ಟಿ ತಾಗದಿರಲಿ ಅಂತ ಬಾಗಿಲ ಮೇಲೆ ಹೊಡೆಯುತ್ತಾರಲ್ಲ, ಅದು.

"ಯಂತ್ರ ಅಂದಮೇಲೆ ಅದನ್ನ ನೆಲದ ಮೇಲೆ ಇಡ್ತಾರಾ ಮಲ್ಲು?" ಅಂದಳು.

"ಅಯ್ಯೋ ಚಿಕ್ಕತಾಯಕ್ಕ, ಇದು ಆ ಯಂತ್ರ ಅಲ್ಲ. ಇದು ಕೆಲಸ ಮಾಡೋ ಯಂತ್ರ."

"ಬಾಗಿಲ ಮೇಲಿರೋದೇನು ಕೂತು ಉಣ್ಣುತ್ತಾ ಹಂಗಾದ್ರೆ? ಅದೂ ಕೆಲಸ ಮಾಡುತ್ತೆ. ಗೂಡಲ್ಲಿಡು."

ಶಿವಮಲ್ಲು ನಕ್ಕ. ಆದರೂ ಅಡುಗೆಮನೆಯ ಒಡತಿಯ ಮಾತು ಮೀರಿದರೆ ಮಜ್ಜಿಗೆ ನೀರಾಗುತ್ತದೆ ಅಂತ ಅವನಿಗೆ ಗೊತ್ತು. ಗೋಡೆಯಲ್ಲಿ ಆಳವಾದ ಗೂಡೊಂದಿತ್ತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರೊಳಗೆ ಬೆನ್ನು ತಾಗುವಂತೆ ತಳ್ಳಿ, ಪರದೆಯನ್ನು ಮುಂದೆ ಮೇಜಿನ ಮೇಲೆ ಇಟ್ಟ. ಚಿಕ್ಕತಾಯಮ್ಮ ಪೆಟ್ಟಿಗೆಯ ಹಣೆಗೆ ವಿಭೂತಿ ಬಳಿದು ಕೈಮುಗಿದಳು.

ಒಂದೆರಡು ಕಾಗದ ಬರೆಯೋವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸಣ್ಣೀರಮ್ಮ ಬಂದಳು.

ಸಣ್ಣೀರಮ್ಮ ಸೋಬಾನೆ ಹೇಳೋ ಮುದುಕಿ. ಅವಳ ಹತ್ತಿರ ಒಂದು ಮದುವೆ ಪದ ಇತ್ತು, ಅವಳ ಅವ್ವನಿಂದ ಬಂದದ್ದು. ಗಂಡು ರುಮಾಲು ಸುತ್ತಿಕೊಳ್ಳುತ್ತಾನೆ, ದಿಬ್ಬಣ ಕಟ್ಟಿಕೊಂಡು ಮಾವಿನ ತೋಪು ದಾಟುತ್ತಾನೆ, ತುಂಬಿದ ಹೊಳೆ ದಾಟುತ್ತಾನೆ, ಹೆಣ್ಣಿನ ಬಾಗಿಲಿಗೆ ಬರುತ್ತಾನೆ. ಅಷ್ಟು ಉದ್ದದ ಪದ ಪೂರಾ ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಮೊಮ್ಮಗಳಿಗೆ ದಿನ ತುಂಬಿದೆ ಮಗ" ಅಂದಳು ಶಿವಮಲ್ಲುಗೆ. "ಬಾಣಂತನಕ್ಕೆ ಹೋಗ್ತೀನಿ. ಹುಟ್ಟೋ ಕೂಸು ಹೆಣ್ಣಾದ್ರೆ ಅದರ ಮದುವೇಲಿ ಈ ಪದ ಕೇಳಬೇಕು. ಅಷ್ಟೊತ್ತಿಗೆ ನಾನೆಲ್ಲಿರ್ತೀನೋ. ನಿನ್ನ ಪೆಟ್ಟಿಗೆ ದನಿ ಹಿಡ್ಕೊಳ್ಳುತ್ತಂತಲ್ಲ. ಹಿಡ್ಕೊಳ್ಳಲಿ."

"ಹಿಡ್ಕೊಳ್ಳುತ್ತೆ ಅಜ್ಜಿ. ನಾನು ಮಾತು ಕೊಟ್ಟೆ."

ಮೈಕು ಇಟ್ಟ. ಮುದುಕಿ ಹಾಡಿದಳು. ಗಂಡು ರುಮಾಲು ಸುತ್ತಿದ, ತೋಪು ದಾಟಿದ, ಹೊಳೆಗೆ ಕಾಲಿಟ್ಟ. ಪರದೆ ಕಪ್ಪಾಯಿತು. ಹಿಡಿದದ್ದೆಲ್ಲ ಹೋಯಿತು.

"ಅಲ್ಲಿಂದಲೇ ಮುಂದಕ್ಕೆ ಹೇಳಜ್ಜಿ, ಆಮೇಲೆ ಕೂಡಿಸ್ತೀನಿ."

"ಹೊಳೆ ಮಧ್ಯೆ ಮದುಮಗನ್ನ ನಿಲ್ಲಿಸ್ತಾರೇನೋ? ಅರ್ಧಕ್ಕೆ ಕಡಿದ ಸೋಬಾನೆ ಮದುವೆಗೆ ಒಳ್ಳೇದಲ್ಲ. ಕಡಿದ್ರೆ ಮತ್ತೆ ರುಮಾಲಿಂದಲೇ ಶುರು."

ಮತ್ತೆ ರುಮಾಲಿಂದ ಶುರುವಾಯಿತು. ಈ ಸಲ ಗಂಡು ಹೊಳೆಯ ತನಕವೂ ಬರಲಿಲ್ಲ. ತೋಪಿನಲ್ಲೇ ನಿಂತ.

ಸಣ್ಣೀರಮ್ಮ ಎಲೆಯಡಿಕೆ ಹಾಕಿಕೊಂಡು ಹೇಳಿದಳು: "ನಿನ್ನ ಯಂತ್ರ ಮದುವೆಗೆ ಕಲ್ಲು ಹಾಕ್ತಿದೆ ಕಣೋ."

ಶಿವಮಲ್ಲು ಪಟ್ಟಣದಲ್ಲಿ ಕಂಪ್ಯೂಟರು ಕಲಿತು ಬಂದವನು. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ. ವೈರಸ್ಸು ಹುಡುಕಿದ. ವೈರು ಬದಲಾಯಿಸಿದ, ಪ್ಲಗ್ಗು ಬದಲಾಯಿಸಿದ. ಗಂಡು ಹೊಳೆ ದಾಟಲಿಲ್ಲ.

ಬುದ್ಧಿಯವರ ಹತ್ತಿರ ಹೋದ. ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

"ಬುದ್ಧಿ, ಯಂತ್ರ ನಿಂತು ನಿಂತು ಹೋಗ್ತಿದೆ."

"ನಿಂತ ಮೇಲೆ ಏನು ಮಾಡ್ತೀಯ?"

"ತಕ್ಷಣ ಮತ್ತೆ ಶುರು ಮಾಡ್ತೀನಿ."

"ನಿಲ್ಲೋಕೆ ಮುಂಚೆ ಏನು ಮಾಡ್ತೀಯ?"

ಬುದ್ಧಿಯವರು ಅವನ ಮುಂದಕ್ಕೂ ಒಂದಿಷ್ಟು ಅವರೆಕಾಯಿ ಸರಿಸಿದರು. ಅಷ್ಟೇ.

ವಿದ್ಯೆ ಮುಗಿದ ಮೇಲೆ ಮನುಷ್ಯ ಎಲ್ಲಿಗೆ ಹೋಗ್ತಾನೆ ಹೇಳಿ. ಶಿವಮಲ್ಲು ಚಿಕ್ಕತಾಯಮ್ಮನ ಹತ್ತಿರ ಹೋದ.

"ನಾನು ಆವತ್ತೇ ಅಂದೆ" ಅಂದಳು ಅವಳು. "ಒಂದು ದಿನ ವಿಭೂತಿ ಹಚ್ಚಿ ಬಿಟ್ಟುಬಿಟ್ರೆ ಆಯ್ತಾ? ದಿನಾ ಬೇಕು. ಧೂಪ ಬೇಕು. ಬುದ್ಧಿಯೋರಿಗೆ ಹೊದಿಸಿದ ರೇಷ್ಮೆ ಶಾಲು ಟ್ರಂಕಿನಲ್ಲಿ ಸುಮ್ಮನೆ ಕೂತಿದೆ. ಅದನ್ನ ಇದಕ್ಕೆ ಹೊದಿಸು. ಗೌರವ ಕೊಟ್ಟು ನೋಡು."

ಮೊದಲು ನಕ್ಕವನೇ ಈಗ ಮಡಿಯುಟ್ಟು ಬಂದ. ಹಿಡಿಗಟ್ಟಲೆ ವಿಭೂತಿ ಬಳಿದ, ಕಣಗಿಲೆ ಹೂ ಏರಿಸಿದ, ನಿಂಬೆಹಣ್ಣು ಕಟ್ಟಿದ, ಧೂಪ ಹಾಕಿದ. ಜರಿ ಅಂಚಿನ ದಪ್ಪ ಶಾಲನ್ನು ಪೆಟ್ಟಿಗೆಗೆ ನಾಲ್ಕೂ ಕಡೆಯಿಂದ ಸುತ್ತಿ, ತುದಿಯನ್ನು ಹಿಂದೆ ಸಿಕ್ಕಿಸಿದ. ಪೆಟ್ಟಿಗೆ ಮದುಮಗಳ ಹಾಗೆ ಕಾಣುತ್ತಿತ್ತು ಅನ್ನಿ.

ಸಣ್ಣೀರಮ್ಮ ಹಾಡಿದಳು. ಗಂಡು ರುಮಾಲು ಸುತ್ತಿ ಮುಗಿಸೋದಕ್ಕೇ ಆಗಲಿಲ್ಲ.

"ಮಲ್ಲು, ಈಗ ನಿನ್ನ ಗಂಡು ಮನೆ ಬಿಟ್ಟೇ ಹೊರಡ್ತಿಲ್ಲ" ಅಂದಳು ಮುದುಕಿ. "ನಾಳೆ ನನ್ನ ಕರ್ಕೊಂಡು ಹೋಗೋಕೆ ಗಾಡಿ ಬರ್ತದೆ. ಅಷ್ಟರೊಳಗೆ ಇವನಿಗೆ ಚಡ್ಡಿಯಾದ್ರೂ ಹಾಕಿಸು."

ಚಿಕ್ಕತಾಯಮ್ಮ ನಕ್ಕು ನಕ್ಕು ಕೆಮ್ಮಿದಳು. ಶಿವಮಲ್ಲುಗೆ ಅಳು ಬರೋ ಹಾಗಾಯಿತು. ಮತ್ತೆ ಬುದ್ಧಿಯವರ ಹತ್ತಿರ ಓಡಿದ.

"ಬುದ್ಧಿ, ಕೊಟ್ಟ ಮಾತು ಹೋಗ್ತದೆ. ನಾಳೆ ಅಜ್ಜಿ ಹೊರಟರೆ ಪದವೂ ಹೊರಟು ಹೋಗ್ತದೆ."

"ಮೊದಲ ಸಲ ಗಂಡು ಎಲ್ಲೀವರೆಗೆ ಬಂದಿದ್ದ?"

"ಹೊಳೆವರೆಗೆ."

"ಆಮೇಲೆ?"

"ತೋಪಿನವರೆಗೆ."

"ಪೂಜೆ ಮಾಡಿದ ಮೇಲೆ?"

"ರುಮಾಲಿಗೇ ನಿಂತ."

"ಹಾಗಾದ್ರೆ ನಿನ್ನ ಪೂಜೆಗೆ ಫಲ ಸಿಗ್ತಾ ಇದೆ" ಅಂದರು ಬುದ್ಧಿಯವರು.

ಶಿವಮಲ್ಲು ಇದು ಆಶೀರ್ವಾದ ಅಂದುಕೊಂಡು ನಮಸ್ಕಾರ ಮಾಡಿ ಬಂದ. ಪಾಪ.

ಮಾಗಿ ಕಾಲವಾದರೂ ಮಾರನೇ ದಿನ ಮಧ್ಯಾಹ್ನ ಬಿಸಿಲು ಏರಿತ್ತು. ಹೆಂಚು ಕಾದಿತ್ತು. ಗಾಡಿ ಬರೋದರೊಳಗೆ ಕೊನೆಯದಾಗಿ ಒಂದು ಸಲ ನೋಡಿಬಿಡೋಣ ಅಂತ ಸಣ್ಣೀರಮ್ಮ ಮೈಕಿನ ಮುಂದೆ ಕೂತಳು. ಚಿಕ್ಕತಾಯಮ್ಮ ಧೂಪ ಹಾಕಿದಳು.

ಆಗ ಬುದ್ಧಿಯವರು ಒಳಗೆ ಬಂದರು. ಬಂದದ್ದು ಹೇಗೆ ಅಂತೀರಿ. ಭಕ್ತರು ಹೊದಿಸಿದ್ದ ಶಾಲುಗಳಿದ್ದವಲ್ಲ, ಅವನ್ನೆಲ್ಲ ಒಂದರ ಮೇಲೊಂದು ಹೊದ್ದುಕೊಂಡು, ಅದರ ಮೇಲೆ ಕರಿಕಂಬಳಿ ಸುತ್ತಿಕೊಂಡು, ಮೂಗು ಮಾತ್ರ ಹೊರಗೆ ಬಿಟ್ಟುಕೊಂಡು. ಬಂದವರೇ ಗೂಡಿನ ಪಕ್ಕದ ಗೋಡೆಗೆ ಬೆನ್ನು ಒತ್ತಿ ಕೂತರು. ಧೂಪದ ಹೊಗೆಯನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡರು.

"ಹಾಡು ತಾಯಿ" ಅಂದರು.

ಸಣ್ಣೀರಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ. "ಬುದ್ಧಿ, ಇದು ಮದುವೆ ಪದ. ನೀವು ಬೆಟ್ಟಕ್ಕೆ ಚಳಿಗೆ ಹೊರಟೋರ ಹಂಗೆ ಬಂದಿದ್ದೀರಿ."

"ಹಾಡು."

ಹಾಡಿದಳು. ಬುದ್ಧಿಯವರ ಹಣೆಯಿಂದ ಬೆವರು ಮೂಗಿಗೆ ಇಳಿಯಿತು, ಮೂಗಿಂದ ಗಡ್ಡಕ್ಕೆ ಇಳಿಯಿತು. ಶಿವಮಲ್ಲು ಯಂತ್ರವನ್ನು ಬಿಟ್ಟು ಗುರುವನ್ನೇ ನೋಡತೊಡಗಿದ. ಅವರ ಮುಖ ಕೆಂಪಾಯಿತು. ಉಸಿರು ಜೋರಾಯಿತು.

"ಬುದ್ಧಿ, ಕಂಬಳಿ ತೆಗೀರಿ" ಅಂದ.

"ಭಕ್ತರು ಗೌರವಕ್ಕೆ ಹೊದಿಸಿದ್ದಪ್ಪ. ತೆಗೆದ್ರೆ ನೊಂದುಕೊಳ್ತಾರೆ."

"ಧೂಪನಾದ್ರೂ ಆ ಕಡೆ ಸರಿಸ್ತೀನಿ."

"ಬೇಡ. ಭಕ್ತಿಯಿಂದ ಹಾಕಿದ್ದು."

"ಬುದ್ಧಿ, ದಮ್ಮಯ್ಯ ಅಂತೀನಿ. ಹಿಂದುಗಡೆನೂ ಗೋಡೆ, ಗಾಳಿ ಇಲ್ಲ. ಉಸಿರು ಕಟ್ಟುತ್ತೆ."

ಬುದ್ಧಿಯವರು ಕಣ್ಣು ತೆರೆದರು.

"ಯಾರಿಗೆ?" ಅಂದರು.

ಅದೇ ಹೊತ್ತಿಗೆ ಪರದೆ ಕಪ್ಪಾಯಿತು.

ಶಿವಮಲ್ಲು ಗುರುವನ್ನು ನೋಡಿದ. ಗೂಡನ್ನು ನೋಡಿದ. ಮೆಲ್ಲಗೆ ಹೋಗಿ ಶಾಲಿನ ಕೆಳಗೆ ಕೈ ತೂರಿಸಿದ. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆರಳು ಊದಿಕೊಂಡ. ಪೆಟ್ಟಿಗೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು.

"ನಾನೆಂಥ ಕತ್ತೆ" ಅಂದ.

"ಅದು ಆಮೇಲೆ ನೋಡೋಣ" ಅಂದರು ಬುದ್ಧಿಯವರು. "ಮೊದಲು ನನ್ನ ಕಂಬಳಿ ಬಿಡಿಸು. ಗಂಟು ಬಿದ್ದಿದೆ."

ಕಂಬಳಿ ಬಿಡಿಸಿದ ಮೇಲೆ ಶಿವಮಲ್ಲು ಪೆಟ್ಟಿಗೆಯ ಪ್ಲಗ್ಗು ಕಿತ್ತು, ಶಾಲು ತೆಗೆದು, ಪೆಟ್ಟಿಗೆಯನ್ನು ಗೂಡಿಂದ ಹೊರಗೆ ಎಳೆದ. ಜಗಲಿಯ ಗಾಳಿಯಲ್ಲಿಟ್ಟು ತಣ್ಣಗಾಗಲು ಬಿಟ್ಟ. ಆಮೇಲೆ ಪಕ್ಕದ ಮುಚ್ಚಳ ಬಿಚ್ಚಿದ.

ಒಳಗೆ ಒಂದು ಸಣ್ಣ ಫ್ಯಾನು. ಪೆಟ್ಟಿಗೆಯ ಬಿಸಿಯನ್ನು ಬೆನ್ನ ಕಡೆಯಿಂದ ಹೊರಗೆ ತಳ್ಳೋದೇ ಅದರ ಕೆಲಸ. ಆ ಫ್ಯಾನಿನ ಎಲೆ ಎಲೆಗೂ ವಿಭೂತಿ ಮೆತ್ತಿತ್ತು. ಅದರ ಮೇಲೆ ಧೂಪದ ಜಿಡ್ಡು. ಜಿಡ್ಡಿನ ಮೇಲೆ ರೇಷ್ಮೆಯ ಎಳೆ, ಒಂದು ಒಣಗಿದ ಕಣಗಿಲೆ ಎಸಳು.

"ಹೊಳೆಯಲ್ಲಿ ಒಂದು ಮುಳುಗು ಹಾಕಿಸಿಬಿಡೋಣ" ಅಂದಳು ಚಿಕ್ಕತಾಯಮ್ಮ.

"ಅಕ್ಕ, ನಿನಗೆ ಕೈಮುಗೀತೀನಿ, ಇನ್ನು ಇದಕ್ಕೆ ಯಾವ ಸೇವೆಯೂ ಬೇಡ. ಊದುಗೊಳವೆ ಇದ್ರೆ ಕೊಡು."

ಒಲೆ ಊದೋ ಕೊಳವೆ ತಂದಳು. ಶಿವಮಲ್ಲು ಹಳೇ ಬ್ರಷ್ಷಿನಿಂದ ಜಿಡ್ಡು ಸಡಿಲಿಸಿದ, ಫ್ಯಾನನ್ನು ಬೆರಳಲ್ಲಿ ಹಿಡಿದುಕೊಂಡು ಕೊಳವೆಯಿಂದ ಊದಿದ. ಒಳಗಿದ್ದ ಬೂದಿಯೆಲ್ಲ ಒಂದೇ ಸಲ ಮೇಲೆದ್ದಿತು. ಅವನ ಮುಖ ಬೆಳ್ಳಗಾಯಿತು, ಸಣ್ಣೀರಮ್ಮನ ತಲೆ ಬೆಳ್ಳಗಾಯಿತು, ಬುದ್ಧಿಯವರ ಬೆವರಿಗೆ ಅಂಟಿ ಅವರು ಮೈತುಂಬ ವಿಭೂತಿ ಧರಿಸಿದ ಹಾಗಾಯಿತು.

"ನೋಡಿದ್ಯಾ" ಅಂದಳು ಚಿಕ್ಕತಾಯಮ್ಮ, ಕಣ್ಣುಜ್ಜಿಕೊಳ್ಳುತ್ತಾ. "ನಾನು ಕೊಟ್ಟಿದ್ದನ್ನೆಲ್ಲ ಅದು ಜೋಪಾನವಾಗಿ ಇಟ್ಟುಕೊಂಡಿತ್ತು. ಬೆಂಕಿ ಹೊತ್ತಿಸೋಕೆ ಊದೋದು ಗೊತ್ತಿತ್ತು. ಬಿಸಿ ಆರಿಸೋಕೂ ಊದ್ತಾರೆ ಅಂತ ಇವತ್ತು ಗೊತ್ತಾಯ್ತು."

ಎಲ್ಲರೂ ಬೂದಿ ಮುಖದಲ್ಲೇ ನಕ್ಕರು. ಶಿವಮಲ್ಲು ಕೂಡ.

ಪೆಟ್ಟಿಗೆಯನ್ನು ಜಗಲಿಯ ಬೆಂಚಿನ ಮೇಲೆ ಹೊಳೆಗೆ ಬೆನ್ನು ಮಾಡಿ ಇಟ್ಟರು. ಒತ್ತಿದ ಕೂಡಲೇ ಶುರುವಾಯಿತು. ಫ್ಯಾನು ಜೇನಿನ ಹಾಗೆ ಗುಂಯ್ ಅಂದಿತು.

ಶಿವಮಲ್ಲುಗೆ ಖುಷಿ ತಡೆಯಲಿಲ್ಲ. ಅದೇ ರೇಷ್ಮೆ ಶಾಲನ್ನು ಕೊಡವಿ, ಸಣ್ಣೀರಮ್ಮನಿಗೆ ಎರಡು ಸುತ್ತು ಹೊದಿಸಿ, ಕಾಲು ಮುಟ್ಟಿದ.

"ಹಾಡಜ್ಜಿ."

ಅವಳು ಶುರು ಮಾಡಿದಳು. ಗಂಡು ರುಮಾಲು ಸುತ್ತಿದ. ತೋಪಿಗೆ ಬಂದ. ಅಲ್ಲಿ ಪದ ನಿಂತಿತು.

ಶಿವಮಲ್ಲು ಎದ್ದು ಪೆಟ್ಟಿಗೆಯನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಪರದೆ ಬೆಳಗುತ್ತಲೇ ಇತ್ತು.

"ಅದು ಸರಿಯಾಗೈತೆ ಮಗ" ಅಂದಳು ಸಣ್ಣೀರಮ್ಮ, ಕತ್ತಿನ ಬೆವರು ಒರೆಸಿಕೊಳ್ಳುತ್ತಾ. "ನಿಂತೋಳು ನಾನು. ನನಗೂ ಹಿಂದುಗಡೆ ಒಂಚೂರು ಗಾಳಿ ಬೇಕಲ್ವಾ."

ಶಿವಮಲ್ಲು ಗುರುವಿನ ಕಡೆ ನೋಡಿದ. ಬುದ್ಧಿಯವರು ಹೊಳೆಯ ಕಡೆ ತಿರುಗಿ, ಹೊಟ್ಟೆ ಕುಣಿಯೋ ಹಾಗೆ ನಗುತ್ತಿದ್ದರು.

ಶಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮುದುಕಿ ಮತ್ತೆ ರುಮಾಲಿಂದ ಶುರು ಮಾಡಿದಳು. ಗಾಡಿ ಬಂದು ಹಾರನ್ ಹಾಕಿತು. ಚಿಕ್ಕತಾಯಮ್ಮ ಸೌಟು ಹಿಡಿದುಕೊಂಡೇ ಓಡಿಹೋಗಿ ಗಾಡಿಯವನ ಬಾಯಿ ಮುಚ್ಚಿಸಿದಳು.

ಗಂಡು ತೋಪು ದಾಟಿದ. ಹೊಳೆಗೆ ಕಾಲಿಟ್ಟ. ಮೊಣಕಾಲು ನೀರಾಯಿತು, ಸೊಂಟದ ನೀರಾಯಿತು. ಶಿವಮಲ್ಲು ಉಸಿರು ಬಿಗಿಹಿಡಿದು ನಿಂತಿದ್ದ. ಗಂಡು ದಡ ಹತ್ತಿದ, ಪಂಚೆ ಹಿಂಡಿಕೊಂಡ, ಹೆಣ್ಣಿನ ಬಾಗಿಲಿಗೆ ಬಂದ. ಆರತಿ ಎತ್ತಿದರು. ಪದ ಮುಗಿಯಿತು. ಶಿವಮಲ್ಲು ಅದನ್ನು ಉಳಿಸೋ ಗುಂಡಿ ಒತ್ತಿದ ಮೇಲೇ ಉಸಿರು ಬಿಟ್ಟ.

ಆಮೇಲೆ ಯಾರ್‍ಯಾರು ಏನಾದರು ಅಂತ ಹೇಳಿಬಿಡ್ತೀನಿ.

ಸಣ್ಣೀರಮ್ಮ ಶಾಲು ತಗೊಂಡೇ ಗಾಡಿ ಹತ್ತಿದಳು. ಮೊಮ್ಮಗಳಿಗೆ ಹೆಣ್ಣು ಕೂಸಾಯಿತು. ಅದು ಹುಟ್ಟಿದ್ದು ಮಾಗಿ ಚಳಿಯಲ್ಲಿ. ಜರಿ ಅಂಚನ್ನು ಬಿಚ್ಚಿ ತೆಗೆದು, ರೇಷ್ಮೆ ಶಾಲಲ್ಲಿ ಕೂಸನ್ನು ಸುತ್ತಿ ಮಲಗಿಸಿದರು. ಹೊದಿಸಿದ್ದಕ್ಕೆ ಸುಖವಾಗಿ ನಿದ್ದೆ ಮಾಡಿದ್ದು ಅದೊಂದೇ ಅನ್ನಿ.

ಆ ಕೂಸು ಬೆಳೆದು ಮದುವೆಯಾಯಿತು. ಮುದುಕಿ ಆಗ ಇರಲಿಲ್ಲ. ಅವಳ ದನಿ ಇತ್ತು. ಚಪ್ಪರದಲ್ಲಿ ಪದ ಕೇಳಿಸಿದರು. ಗಂಡು ಹೊಳೆ ದಾಟೋ ಹೊತ್ತಿಗೆ ನಿಜವಾದ ಗಂಡು ಬಾಗಿಲಲ್ಲಿ ನಿಂತಿದ್ದ.

ಚಿಕ್ಕತಾಯಮ್ಮ ಕೊನೆಯವರೆಗೂ ಅದನ್ನು ಯಂತ್ರ ಅಂತಲೇ ಕರೆದಳು. ಬೆಳಗಾದರೆ ದೂರದಿಂದ ಕೈಮುಗಿಯುತ್ತಿದ್ದಳು, ಹತ್ತಿರ ಬಂದರೆ ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಯಂತ್ರವೂ ಬಹಳ ಕಾಲ ದುಡಿದು, ವಯಸ್ಸಾಗಿ ನಿಂತಿತು.

ಶಿವಮಲ್ಲು ಊರೂರಿನ ಮುದುಕಿಯರ ಪದಗಳನ್ನೆಲ್ಲ ಹಿಡಿದಿಟ್ಟ. ಮುಂದೆ ಮಠ ಅವನ ಕೈಗೇ ಬಂತು. ಶಾಲು ಹೊದಿಸೋಕೆ ಬಂದವರಿಗೆ, "ಕೈಗೆ ಕೊಡಿ, ಸಾಕು" ಅನ್ನುತ್ತಿದ್ದ.

ಬುದ್ಧಿಯವರು ತುಂಬಿದ ವಯಸ್ಸಿನಲ್ಲಿ, ಕೊನೆಗಾಲಕ್ಕೆ, ಜಗಲಿಯ ಮೇಲೆ, ಹೊಳೆಯ ಗಾಳಿಗೆ ಮುಖ ಮಾಡಿ ಮಲಗಿದ್ದರು. ಭಕ್ತರು ಕಲ್ಲು ತರಿಸಿ, ಶಿಲ್ಪಿಯನ್ನು ಕರೆಸಿ, ಅವರ ಗದ್ದುಗೆಗೆ ಎಷ್ಟು ದೊಡ್ಡ ಗುಡಿ ಕಟ್ಟಿಸೋದು ಅಂತ ಆಗಲೇ ಜಗಳ ಶುರು ಮಾಡಿದ್ದರು. ಶಿವಮಲ್ಲು ಬಗ್ಗಿ ಕೇಳಿದ.

"ಬುದ್ಧಿ, ಹೇಗೆ ಕಟ್ಟಿಸಲಿ?"

ಅವರು ನಕ್ಕರು.

"ಹೇಗಾದ್ರೂ ಕಟ್ಟಿಸಪ್ಪ. ಹಿಂದುಗಡೆ ಒಂಚೂರು ಗಾಳಿ ಬಿಡು."